ಜಿಪಿಎಸ್ ಬದಲಿಸಿದರೆ ಡ್ರೋನ್ ಸುತ್ತುವುದು ನಿಲ್ಲುತ್ತಾ?

ಪ್ರಶ್ನೆ: ಮೇಡಂ, ನಾಲ್ಕು ವರ್ಷದ ಹಿಂದೆ ನಾನೇ ಕೂತು ಜೋಡಿಸಿದ ಕ್ವಾಡ್ (ನಾಲ್ಕು ಮೋಟಾರಿನ ಡ್ರೋನ್) ಇದು. 450 ಮಿಲಿಮೀಟರ್ ಫ್ರೇಮ್, ಹಾರಾಟ ನಿಯಂತ್ರಿಸುವ ಪಿಕ್ಸ್‌ಹಾಕ್ ಬೋರ್ಡ್, ಅದರಲ್ಲಿ ಆರ್ಡುಪೈಲಟ್ ಸಾಫ್ಟ್‌ವೇರ್. ಜಿಪಿಎಸ್ ಹಳೆಯ ನಿಯೋ-6ಎಂ, ಕಂಪಾಸ್ ಅದೇ ಡಬ್ಬಿಯೊಳಗಿದೆ. ಬ್ಯಾಟರಿ ಹಾಕಿದ ಮೇಲೆ ಫಿಕ್ಸ್ (ತಾನಿರುವ ಜಾಗದ ಲೆಕ್ಕ) ಸಿಗಲು ಮೂರು ನಾಲ್ಕು ನಿಮಿಷ ಕಾಯಬೇಕು. ಸಿಕ್ಕಿದರೂ ಏಳೆಂಟು ಉಪಗ್ರಹ, ಅಷ್ಟೇ. ಒಂದೇ ಜಾಗದಲ್ಲಿ ತಾನೇ ನಿಲ್ಲಬೇಕಾದ ಲಾಯ್ಟರ್ ಮೋಡ್‌ಗೆ ಹಾಕಿದರೆ ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು. ಹೆದರಿ ನಾನೇ ಕೈಯಿಂದ ಹಾರಿಸಿ ಇಳಿಸುತ್ತೇನೆ. ಹೊಸ ಎಂ10 ಜಿಪಿಎಸ್ ಮಾಡ್ಯೂಲ್ ಹಾಕಿದರೆ ಇದೆಲ್ಲ ಸರಿಹೋಗುತ್ತಾ?

ಉತ್ತರ: ಅರ್ಧ ಸರಿಹೋಗುತ್ತದೆ. ನಿಮ್ಮ ಡ್ರೋನ್‌ಗೆ ಎರಡು ಕಾಯಿಲೆ ಇವೆ, ನೀವು ಒಂದೇ ಔಷಧಿ ಕೇಳುತ್ತಿದ್ದೀರಿ. ಫಿಕ್ಸ್ ತಡವಾಗುವುದು, ಉಪಗ್ರಹ ಕಡಿಮೆ ಸಿಗುವುದು, ಇವು ಜಿಪಿಎಸ್‌ನ ತೊಂದರೆ. ಹೊಸ ಮಾಡ್ಯೂಲ್ ಅದನ್ನು ವಾಸಿ ಮಾಡುತ್ತದೆ. ಸುತ್ತು ಹೊಡೆಯುವುದು ಮಾತ್ರ ಹೆಚ್ಚಿನ ಸಲ ಕಂಪಾಸ್‌ನ ತೊಂದರೆ. ಹೊಸ ಮಾಡ್ಯೂಲನ್ನು ಹಳೆಯ ಜಾಗದಲ್ಲೇ ಕೂರಿಸಿದರೆ ಅದು ಹಾಗೇ ಉಳಿಯುತ್ತದೆ.

ಯಾಕೆ ಅಂತ ಹೇಳುತ್ತೇನೆ. ಜಿಪಿಎಸ್‌ಗೆ ತಾನು ಎಲ್ಲಿದ್ದೇನೆ ಅಂತ ಗೊತ್ತು. ಮೂತಿ ಯಾವ ಕಡೆ ಇದೆ ಅಂತ ಗೊತ್ತಿಲ್ಲ. ಅದನ್ನು ಹೇಳುವುದು ಕಂಪಾಸ್. ಈಗ ಗಾಳಿ ನಿಮ್ಮ ಡ್ರೋನನ್ನು ಒಂದು ಮೀಟರ್ ಪೂರ್ವಕ್ಕೆ ತಳ್ಳಿತು ಅಂದುಕೊಳ್ಳಿ. ಅದು ಪಶ್ಚಿಮಕ್ಕೆ ವಾಲಬೇಕು. ಕಂಪಾಸ್ 50 ಡಿಗ್ರಿ ತಪ್ಪು ಹೇಳುತ್ತಿದ್ದರೆ ಅದು ವಾಲುವುದು ವಾಯವ್ಯಕ್ಕೋ ನೈಋತ್ಯಕ್ಕೋ. ಜಾಗಕ್ಕೆ ನೇರವಾಗಿ ಬರುವ ಬದಲು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮತ್ತೆ ತಿದ್ದಿಕೊಳ್ಳಲು ಹೋಗಿ ಮತ್ತೆ ಪಕ್ಕಕ್ಕೆ. ಹೀಗೆ ತಿದ್ದಿಕೊಳ್ಳುತ್ತಾ ಹೋದಾಗ ನೆಲದಿಂದ ನೋಡುವ ನಮಗೆ ಅದು ಸುತ್ತು. ತಪ್ಪು ಜಾಸ್ತಿಯಾದಷ್ಟೂ ಸುತ್ತು ದೊಡ್ಡದು.

ನನ್ನ ಮೊದಲ ದೊಡ್ಡ ಕ್ವಾಡ್‌ಗೂ ಇದೇ ಆಗಿತ್ತು. 6ಎಂ ತೆಗೆದು ಅದಕ್ಕಿಂತ ಹೊಸ ಎಂ8ಎನ್ ಹಾಕಿದೆ. ಉಪಗ್ರಹ ಏಳರಿಂದ ಹದಿನಾರಕ್ಕೆ ಏರಿತು, ಖುಷಿಯಾಯಿತು. ಲಾಯ್ಟರ್‌ಗೆ ಹಾಕಿದೆ, ಅದೇ ಸುತ್ತು. ಮೂರು ಸಂಜೆ ಕಂಪಾಸ್ ಕ್ಯಾಲಿಬ್ರೇಷನ್ (ದಿಕ್ಕು ಸರಿಹೊಂದಿಸುವ ಕೆಲಸ) ಮಾಡಿದ್ದೇ ಮಾಡಿದ್ದು. ಕೈಯಲ್ಲಿ ಹಿಡಿದು ತಿರುಗಿಸಿದರೆ ದಿಕ್ಕು ಸರಿಯಾಗಿ ತೋರಿಸುತ್ತಿತ್ತು. ಹಾರಿದ ತಕ್ಷಣ ತಪ್ಪುತ್ತಿತ್ತು. ನಾಲ್ಕನೇ ಸಂಜೆ ಫ್ರೇಮಿನ ಮೇಲಿನ ಪ್ಲೇಟ್ ಬಿಚ್ಚಿದಾಗ ಕಂಡಿತು. ಬ್ಯಾಟರಿಯ ಕೆಂಪು ವೈರ್ ಜಿಪಿಎಸ್ ಡಬ್ಬಿಯ ಅಡಿಯಲ್ಲೇ ಹಾದು ಹೋಗಿತ್ತು. ಕಪ್ಪು ವೈರ್ ಆ ಬದಿಯಲ್ಲಿ, ಬೇರೆ ದಾರಿಯಲ್ಲಿ.

ವೈರಿನಲ್ಲಿ ಕರೆಂಟ್ ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ, ಇದನ್ನು ಶಾಲೆಯಲ್ಲೇ ಓದಿರುತ್ತೇವೆ. ಎಷ್ಟು ಹುಟ್ಟುತ್ತದೆ ಅಂತ ಲೆಕ್ಕ ಹಾಕಿದಾಗ ಮಾತ್ರ ಅದರ ತೂಕ ಗೊತ್ತಾಗುತ್ತದೆ. ಒಂಟಿ ವೈರಿನಲ್ಲಿ 20 ಆಂಪಿಯರ್ ಹರಿಯುತ್ತಿದ್ದರೆ 10 ಸೆಂಟಿಮೀಟರ್ ದೂರದಲ್ಲಿ 40 ಮೈಕ್ರೋಟೆಸ್ಲಾ. ಭೂಮಿಯ ಕಾಂತಕ್ಷೇತ್ರ ಜಾಗಕ್ಕೆ ತಕ್ಕಂತೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ. ಅಂದರೆ ನಿಮ್ಮ ಬ್ಯಾಟರಿ ವೈರ್ ಭೂಮಿಯಷ್ಟೇ ಜೋರಾಗಿ ಕಂಪಾಸನ್ನು ಎಳೆಯಬಲ್ಲದು! ನೆಲದ ಮೇಲೆ ಮೋಟಾರ್ ತಿರುಗುತ್ತಿಲ್ಲ, ಕರೆಂಟ್ ಇಲ್ಲ, ಕಂಪಾಸ್ ಸರಿ. ಗಾಳಿಗೆ ಏರಿದಾಗ ಕರೆಂಟ್ ಬಂತು, ದಿಕ್ಕು ಕೆಟ್ಟಿತು. ಕ್ಯಾಲಿಬ್ರೇಷನ್ ಎಷ್ಟು ಸಲ ಮಾಡಿದರೂ ಇದು ಹೋಗದಿರುವುದು ಅದಕ್ಕೇ.

ಹಾಗಾಗಿ ಹೊಸ ಮಾಡ್ಯೂಲ್ ಬರುವ ಮೊದಲು ಈ ಕೆಲಸ ಮಾಡಿ. ಬ್ಯಾಟರಿಯ ಕೆಂಪು ಕಪ್ಪು ವೈರ್‌ಗಳನ್ನು ಜಡೆ ಹೆಣೆದಂತೆ ಒಂದಕ್ಕೊಂದು ಸುತ್ತಿ. ಒಂದರಲ್ಲಿ ಹೋಗುವ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರುವುದರಿಂದ ಎರಡರ ಕಾಂತಕ್ಷೇತ್ರ ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತವೆ. ಮಾಡ್ಯೂಲನ್ನು ಕಂಬದ ಮೇಲೆ ಏರಿಸಿ. ಮಡಚುವ ಕಂಬಗಳು ಸಿಗುತ್ತವೆ, ಪ್ಲೇಟಿನಿಂದ 10-12 ಸೆಂಟಿಮೀಟರ್ ಎತ್ತರ ಸಿಕ್ಕರೆ ಒಳ್ಳೆಯದು. ಸ್ಕ್ರೂ ಹಿತ್ತಾಳೆಯದೋ ನೈಲಾನ್‌ದೋ ಇರಲಿ. ಅಯಸ್ಕಾಂತಕ್ಕೆ ಅಂಟುವ ಸ್ಕ್ರೂ ಕಂಪಾಸ್ ಹತ್ತಿರ ಬೇಡವೇ ಬೇಡ.

ಈಗಿನ ಸ್ಥಿತಿ ಎಷ್ಟು ಕೆಟ್ಟಿದೆ ಅಂತ ಅಳೆಯಲೂಬಹುದು. ಆರ್ಡುಪೈಲಟ್‌ನಲ್ಲಿ ಕಂಪಾಸ್‌ಮಾಟ್ ಅಂತ ಒಂದು ಪರೀಕ್ಷೆ ಇದೆ. ಪ್ರೊಪೆಲ್ಲರ್‌ಗಳನ್ನು ತಲೆಕೆಳಗು ಮಾಡಿ ಪಕ್ಕದ ಮೋಟಾರಿಗೆ ಬದಲಿಸಿ ಹಾಕಬೇಕು, ಆಗ ಅವು ಡ್ರೋನನ್ನು ಮೇಲೆತ್ತುವ ಬದಲು ನೆಲಕ್ಕೆ ಒತ್ತುತ್ತವೆ. ಆದರೂ ಡ್ರೋನನ್ನು ಗಟ್ಟಿಯಾಗಿ ಕಟ್ಟಿಹಾಕಿ, ದೂರ ನಿಲ್ಲಿ. ಮಕ್ಕಳು ಓಡಾಡುವ ಕಡೆ ಈ ಪರೀಕ್ಷೆ ಬೇಡ. ಥ್ರಾಟಲ್ (ಮೋಟಾರ್ ವೇಗ) ಏರಿಸಿದಂತೆ ಕಂಪಾಸ್ ಎಷ್ಟು ಕೆಡುತ್ತಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. 30ರ ಒಳಗಿದ್ದರೆ ನೆಮ್ಮದಿ. 60 ದಾಟಿದರೆ ಹಾರಿಸಬೇಡಿ, ವೈರ್ ಕಡೆ ನೋಡಿ. ನನ್ನ ಕ್ವಾಡ್‌ನಲ್ಲಿ ವೈರ್ ಸುತ್ತಿ ಕಂಬ ಹಾಕಿದ ಮೇಲೆ ಅದು 70ರ ಆಸುಪಾಸಿನಿಂದ 12ಕ್ಕೆ ಇಳಿಯಿತು. ಅವತ್ತು ಸಂಜೆ ಲಾಯ್ಟರ್‌ನಲ್ಲಿ ಅದು ನಿಂತ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಮಾಡ್ಯೂಲ್ ವಿಷಯಕ್ಕೆ ಬರೋಣ. 6ಎಂ ಜಿಪಿಎಸ್ ಉಪಗ್ರಹಗಳನ್ನು ಮಾತ್ರ ಬಲ್ಲದು. ಆಕಾಶದಲ್ಲಿ ಗ್ಲೋನಾಸ್, ಗೆಲಿಲಿಯೋ, ಬೈದು ಅನ್ನುವ ಬೇರೆ ಉಪಗ್ರಹ ವ್ಯವಸ್ಥೆಗಳು ಇದ್ದರೂ ಅದರ ಪಾಲಿಗೆ ಇಲ್ಲ. ಎಂ8ಎನ್ ಒಂದೇ ಹೊತ್ತಿಗೆ ಮೂರು ವ್ಯವಸ್ಥೆಗಳನ್ನು ಹಿಡಿಯುತ್ತದೆ, ಎಂ10 ನಾಲ್ಕನ್ನೂ ಹಿಡಿಯುತ್ತದೆ. ಕರೆಂಟೂ ಕಡಿಮೆ ಸಾಕು. ಬಯಲಲ್ಲಿ ಇಟ್ಟರೆ ಎಂ10 ಇಪ್ಪತ್ತು ದಾಟುವುದು ಸಾಮಾನ್ಯ.

ಜಾಗ ಕಂಡುಹಿಡಿಯಲು ನಾಲ್ಕು ಉಪಗ್ರಹ ಸಾಕಲ್ವಾ, ಇಪ್ಪತ್ತು ಯಾಕೆ ಅಂತ ಕೇಳಬಹುದು. ನಾಲ್ಕು ಅನ್ನುವುದು ಕನಿಷ್ಠ ಲೆಕ್ಕ. ಉದ್ದ, ಅಗಲ, ಎತ್ತರಕ್ಕೆ ಮೂರು, ಮಾಡ್ಯೂಲ್‌ನ ಅಗ್ಗದ ಗಡಿಯಾರವನ್ನು ತಿದ್ದಲು ಇನ್ನೊಂದು. ಆ ನಾಲ್ಕೂ ಆಕಾಶದ ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಲೆಕ್ಕ ಸಡಿಲ. ಎಲ್ಲ ದಿಕ್ಕಿಗೂ ಹರಡಿದ್ದರೆ ಬಿಗಿ. ಈ ಹರಡಿಕೆಯನ್ನೇ ಎಚ್‌ಡಾಪ್ ಅನ್ನುವ ಅಂಕಿ ತೋರಿಸುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಆರ್ಡುಪೈಲಟ್ ತಾನಾಗಿ ಇಟ್ಟುಕೊಂಡಿರುವ ಗಡಿ 1.4. ನಾನು ಉಪಗ್ರಹದ ಸಂಖ್ಯೆಗಿಂತ ಮೊದಲು ಇದನ್ನೇ ನೋಡುತ್ತೇನೆ. ಮನೆ ಗೋಡೆ ಪಕ್ಕ ನಿಂತು ಹನ್ನೆರಡು ಉಪಗ್ರಹ ಸಿಕ್ಕರೂ ಅರ್ಧ ಆಕಾಶ ಮುಚ್ಚಿರುತ್ತದೆ.

ಎಂ10 ಅನ್ನುವುದು ಒಳಗಿನ ಚಿಪ್‌ನ ಹೆಸರು ಮಾತ್ರ. ಅದರ ಮೇಲಿರುವ ಚೌಕದ ಪಿಂಗಾಣಿ ಆಂಟೆನಾ ಎಷ್ಟು ದೊಡ್ಡದು ಅಂತಲೂ ನೋಡಿ. ನಿಮ್ಮದು 450 ಫ್ರೇಮ್, ಜಾಗ ಬೇಕಾದಷ್ಟಿದೆ. 25 ಮಿಲಿಮೀಟರ್ ಚೌಕದ್ದನ್ನೇ ತೆಗೆದುಕೊಳ್ಳಿ. ಉಗುರಿನಷ್ಟು ಸಣ್ಣ ಮಾಡ್ಯೂಲ್‌ಗಳು ಪುಟ್ಟ ಡ್ರೋನ್‌ಗಳಿಗೆ, ತೂಕ ಉಳಿಸಬೇಕಾದವರಿಗೆ. ಕಂಪಾಸ್ ಇರುವ ಮಾಡ್ಯೂಲೇ ಅಂತ ಖಚಿತ ಮಾಡಿಕೊಳ್ಳಿ. ಎಂ10 ಹೆಸರಿನಲ್ಲಿ ಕಂಪಾಸ್ ಇಲ್ಲದವೂ ಬಹಳ ಸಿಗುತ್ತವೆ.

ಬಿಚ್ಚುವ ಮುನ್ನ ಫರ್ಮ್‌ವೇರ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಹೊಸದು ಮಾಡಿ. ಎಂ8 ಕಾಲದ ಕೆಲವು ಸೆಟ್ಟಿಂಗ್ ಆಜ್ಞೆಗಳು ಎಂ10ನಲ್ಲಿ ಬದಲಾಗಿವೆ. ಹಳೆಯ ಫರ್ಮ್‌ವೇರ್‌ಗೆ ಹೊಸ ಚಿಪ್‌ನ ಜೊತೆ ಸರಿಯಾಗಿ ಮಾತಾಡಲು ಬರುವುದಿಲ್ಲ. (ಎಪಿಎಂ 2.6, 2.8 ಅನ್ನುವ ಹಳೆಯ ಬೋರ್ಡ್ ಇಟ್ಟುಕೊಂಡಿರುವ ಓದುಗರೂ ಇದ್ದೀರಿ ಅಂತ ನನಗೆ ಗೊತ್ತು. ಆ ಬೋರ್ಡ್‌ಗೆ ಬಂದ ಕೊನೆಯ ಕಾಪ್ಟರ್ ಫರ್ಮ್‌ವೇರ್ 3.2.1. ನೀವು ಎಂ8ಎನ್‌ನಲ್ಲೇ ನಿಲ್ಲಿ, ಅದು ಒಳ್ಳೆಯ ಮಾಡ್ಯೂಲೇ.)

ವೈರ್ ಆರು. 5 ವೋಲ್ಟ್, ಗ್ರೌಂಡ್, ಜಿಪಿಎಸ್‌ನ ಟಿಎಕ್ಸ್ (ಕಳಿಸುವ ವೈರ್) ಮತ್ತು ಆರ್‌ಎಕ್ಸ್ (ಪಡೆಯುವ ವೈರ್), ಕಂಪಾಸ್‌ನ ಎಸ್‌ಡಿಎ ಮತ್ತು ಎಸ್‌ಸಿಎಲ್. ಮಾಡ್ಯೂಲ್‌ನ ಟಿಎಕ್ಸ್ ಬೋರ್ಡ್‌ನ ಆರ್‌ಎಕ್ಸ್‌ಗೆ ಹೋಗಬೇಕು, ಮಾಡ್ಯೂಲ್‌ನ ಆರ್‌ಎಕ್ಸ್ ಬೋರ್ಡ್‌ನ ಟಿಎಕ್ಸ್‌ಗೆ. ಕಂಪಾಸ್ ವೈರ್‌ಗಳಿಗೆ ಈ ಅದಲುಬದಲು ಇಲ್ಲ. ವೈರ್ ಬಣ್ಣ ನಂಬಬೇಡಿ, ಬೋರ್ಡ್ ಮೇಲೆ ಅಚ್ಚಾದ ಅಕ್ಷರ ನಂಬಿ. ಹಳೆಯ ಪಿಕ್ಸ್‌ಹಾಕ್‌ನ ಕನೆಕ್ಟರ್ ಬೇರೆ, ಈಗಿನ ಮಾಡ್ಯೂಲ್‌ಗಳ ಜೊತೆ ಬರುವುದು ಬೇರೆ. ಹಾಗಾಗಿ ಒಂದಿಷ್ಟು ಬೆಸುಗೆ ಕೆಲಸ ಇದ್ದೇ ಇರುತ್ತದೆ. ಬ್ಯಾಟರಿ ಹಾಕುವ ಮುನ್ನ 5 ವೋಲ್ಟ್ ಮತ್ತು ಗ್ರೌಂಡನ್ನು ಮೀಟರ್ ಹಿಡಿದು ನೋಡಿ. ಅದು ಅದಲುಬದಲಾದರೆ ಮಾಡ್ಯೂಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಡಬ್ಬಿಯ ಮೇಲಿನ ಬಾಣ ಡ್ರೋನ್ ಮೂತಿಯ ಕಡೆಗಿರಲಿ. ಒಳಗೆ ಕಂಪಾಸ್ ಚಿಪ್ ತಲೆಕೆಳಗಾಗಿ ಕೂತಿರಬಹುದು, ಆದರೆ ಈಗಿನ ಆರ್ಡುಪೈಲಟ್ ಕ್ಯಾಲಿಬ್ರೇಷನ್ ಹೊತ್ತಲ್ಲಿ ಹೊರಗಿನ ಕಂಪಾಸ್‌ನ ದಿಕ್ಕನ್ನು ತಾನೇ ಪತ್ತೆ ಹಚ್ಚುತ್ತದೆ. ಬೋರ್ಡ್ ಒಳಗೂ ಒಂದು ಕಂಪಾಸ್ ಇದೆ, ಪವರ್ ವೈರ್‌ಗಳ ನಡುವೆ ಕೂತಿರುವ ಅದನ್ನು ನಾನಾದರೆ ಆಫ್ ಮಾಡುತ್ತೇನೆ. ಕ್ಯಾಲಿಬ್ರೇಷನ್ ಬಯಲಲ್ಲೇ ಮಾಡಿ. ಕಾಂಕ್ರೀಟ್ ನೆಲದೊಳಗೆ ಕಬ್ಬಿಣದ ಸರಳು ಇರುತ್ತದೆ. ನಿಮ್ಮ ಜೇಬಿನ ಫೋನ್, ಬೀಗದ ಕೈ ದೂರ ಇಟ್ಟು ಬನ್ನಿ.

ಮೊದಲ ದಿನ ಸ್ವಲ್ಪ ತಾಳ್ಮೆ ಬೇಕು. ಜಿಪಿಎಸ್ ಉಪಗ್ರಹ ತನ್ನ ಮಾಹಿತಿ ಕಳಿಸುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ತಾನು ನಿಖರವಾಗಿ ಎಲ್ಲಿದ್ದೇನೆ ಅನ್ನುವ ವಿವರ ಪ್ರತಿ 30 ಸೆಕೆಂಡಿಗೊಮ್ಮೆ ಬರುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗದಂಥ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಮೊದಲ ಸಲ ಬಯಲಲ್ಲಿ ಹದಿನೈದು ನಿಮಿಷ ಸುಮ್ನೆ ಆನ್ ಮಾಡಿ ಇಡಿ. ಆಮೇಲೆ ಮಾಡ್ಯೂಲ್ ಒಳಗಿನ ಪುಟ್ಟ ಬ್ಯಾಟರಿ ಆ ಮಾಹಿತಿ ಕಾಪಾಡಿಕೊಳ್ಳುತ್ತದೆ. ಒಂದು ಹಾರಾಟ ಮುಗಿಸಿ ಬ್ಯಾಟರಿ ಬದಲಿಸಿದಾಗ ಕೆಲವೇ ಸೆಕೆಂಡಿನಲ್ಲಿ ಫಿಕ್ಸ್ ಸಿಗುತ್ತದೆ. ನಿಮ್ಮ 6ಎಂನಲ್ಲಿ ಪ್ರತಿ ಸಲ ಅಷ್ಟು ಹೊತ್ತು ಹಿಡಿಯುವುದಕ್ಕೆ ಆ ಬ್ಯಾಟರಿ ಸತ್ತಿರುವುದೂ ಒಂದು ಕಾರಣ ಇರಬಹುದು.

ಪ್ರಶ್ನೆ: ನನ್ನದು ಐದಿಂಚಿನ ಪ್ರೊಪೆಲ್ಲರ್‌ನ ಕ್ವಾಡ್, ಬೀಟಾಫ್ಲೈಟ್ ಸಾಫ್ಟ್‌ವೇರ್. ಹಳೆಯದನ್ನು ತೆಗೆದು ಸಣ್ಣ ಎಂ10 ಹಾಕಿದೆ. ಫ್ಲೈಟ್ ಕಂಟ್ರೋಲರ್‌ಗೆ (ಹಾರಾಟ ನಿಯಂತ್ರಿಸುವ ಬೋರ್ಡ್‌ಗೆ) ಮಾತ್ರ ಕರೆಂಟ್ ಕೊಟ್ಟಾಗ 18 ಉಪಗ್ರಹ. ಬ್ಯಾಟರಿ ಹಾಕಿದರೆ 5 ಅಥವಾ 6. ಮಾಡ್ಯೂಲ್ ಕೆಟ್ಟಿದೆಯಾ? ವಾಪಸ್ ಕಳಿಸಬೇಕಾ?

ಉತ್ತರ: ವಾಪಸ್ ಕಳಿಸಬೇಡಿ, ಮಾಡ್ಯೂಲ್ ಚೆನ್ನಾಗಿದೆ. 18 ಸಿಕ್ಕಿದ್ದೇ ಅದಕ್ಕೆ ಸಾಕ್ಷಿ. ಬ್ಯಾಟರಿ ಹಾಕಿದಾಗ ಎಚ್ಚರಾಗುವ ಯಾವುದೋ ಒಂದು ಭಾಗ ಗಲಾಟೆ ಮಾಡುತ್ತಿದೆ.

ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನಿಮ್ಮ ಆಂಟೆನಾಗೆ ಬಂದು ತಲುಪುವ ಶಕ್ತಿ ಒಂದು ವ್ಯಾಟ್‌ನ ಕೋಟಿ ಕೋಟಿಯ ಒಂದು ಪಾಲು ಮಾಡಿ, ಅದರಲ್ಲಿ ಮತ್ತೆ ನೂರರ ಒಂದು ಪಾಲು. ಅಷ್ಟು ಸಣ್ಣ ದನಿ. ಪಕ್ಕದಲ್ಲೇ ಕ್ಯಾಮೆರಾ, ವಿಡಿಯೋ ಟ್ರಾನ್ಸ್‌ಮಿಟರ್, ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಇವೆ. ಇವುಗಳಲ್ಲಿ ಒಂದರಿಂದ 1575.42 ಮೆಗಾಹರ್ಟ್ಸ್ ಹತ್ತಿರ ಚೂರು ಸೋರಿದರೂ ಆ ದನಿ ಮುಳುಗಿಹೋಗುತ್ತದೆ.

ಯಾವುದು ಅಂತ ಹುಡುಕುವುದು ಹೀಗೆ. ಪ್ರೊಪೆಲ್ಲರ್ ತೆಗೆಯಿರಿ. ಬಯಲಿಗೆ ಹೋಗಿ. ಕ್ಯಾಮೆರಾ, ವಿಡಿಯೋ ಟ್ರಾನ್ಸ್‌ಮಿಟರ್ ಎರಡರ ಕನೆಕ್ಟರನ್ನೂ ಕಿತ್ತು ಬ್ಯಾಟರಿ ಹಾಕಿ, ಐದು ನಿಮಿಷ ಕಾದು ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೇ ಸೇರಿಸಿ, ಪ್ರತಿ ಸಲ ಕಾದು, ಬರೆಯಿರಿ. ವಿಡಿಯೋ ಟ್ರಾನ್ಸ್‌ಮಿಟರ್‌ಗೆ ಅದರ ಆಂಟೆನಾ ಇಲ್ಲದೆ ಮಾತ್ರ ಕರೆಂಟ್ ಕೊಡಬೇಡಿ, ಸುಟ್ಟುಹೋಗುತ್ತದೆ. ಮೇಲೆ ಆಕ್ಷನ್ ಕ್ಯಾಮೆರಾ ಇಡುವ ಅಭ್ಯಾಸ ಇದ್ದರೆ ಕೊನೆಗೆ ಅದನ್ನೂ ಆನ್ ಮಾಡಿ ನೋಡಿ. ನನ್ನ ಒಂದು ಕ್ವಾಡ್‌ನಲ್ಲಿ ಕಳ್ಳ ಅದೇ ಆಗಿತ್ತು. ರೆಕಾರ್ಡಿಂಗ್ ಬಟನ್ ಒತ್ತಿದ ಅರ್ಧ ನಿಮಿಷಕ್ಕೆ 17 ಇದ್ದದ್ದು 7ಕ್ಕೆ ಇಳಿಯುತ್ತಿತ್ತು.

ಸಿಕ್ಕಿದ ಮೇಲೆ ಮೊದಲ ಮದ್ದು ದೂರ. ಐದು ಸೆಂಟಿಮೀಟರ್ ಆಚೆ ಸರಿಸಿದರೂ ಬಹಳ ವ್ಯತ್ಯಾಸ ಕಾಣುತ್ತದೆ. ನಾನು ಮಾಡ್ಯೂಲನ್ನು ಫ್ರೇಮಿನ ಹಿಂತುದಿಗೆ, ಸ್ವಲ್ಪ ಹೊರಗೆ ಚಾಚಿಕೊಂಡಿರುವ ಹಾಗೆ ಕಟ್ಟಿದೆ. ಅದರ ಪಿಂಗಾಣಿ ಮುಖ ಆಕಾಶಕ್ಕೆ ಇರಬೇಕು, ಮೇಲೆ ಕಾರ್ಬನ್ ಪ್ಲೇಟ್ ಇರಬಾರದು. ಕಾರ್ಬನ್ ಫೈಬರ್ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಜಾಗವೇ ಇಲ್ಲದಿದ್ದರೆ ಎರಡನೇ ಮದ್ದು ತಾಮ್ರದ ಟೇಪ್. ಕ್ಯಾಮೆರಾ ಮತ್ತು ಮಾಡ್ಯೂಲ್ ನಡುವೆ ಅಡ್ಡಗೋಡೆಯಂತೆ ಹಾಕಿ, ಗ್ರೌಂಡಿಗೆ ಬೆಸೆಯಿರಿ. ತಾಮ್ರ ಬೇರೆ ಯಾವುದಕ್ಕೂ ತಾಗದಂತೆ ಅದರ ಅಡಿಯಲ್ಲಿ ಕರೆಂಟ್ ಹರಿಯಲು ಬಿಡದ ಕ್ಯಾಪ್ಟಾನ್ ಟೇಪ್ ಇರಲಿ.

ನೀವು ಕೇಳದಿದ್ದರೂ ಒಂದು ಮಾತು, ಯಾಕಂದರೆ ಐದಿಂಚಿನ ಕ್ವಾಡ್‌ಗೆ ಹೆಚ್ಚಿನವರು ಜಿಪಿಎಸ್ ಹಾಕುವುದು ಸಿಗ್ನಲ್ ತಪ್ಪಿದಾಗ ವಾಪಸ್ ಬರಲಿ ಅಂತ. ಹಾಗೆ ವಾಪಸ್ ತರುವ ಬೀಟಾಫ್ಲೈಟ್‌ನ ಜಿಪಿಎಸ್ ರೆಸ್ಕ್ಯೂಗೆ ಕಂಪಾಸ್ ಇಲ್ಲದಿದ್ದರೂ ನಡೆಯುತ್ತದೆ. ಮುಂದಕ್ಕೆ ಹಾರುವಾಗ ಯಾವ ಕಡೆ ಸಾಗುತ್ತಿದ್ದೇನೆ ಅನ್ನುವುದರಿಂದ ಅದು ಮೂತಿಯ ದಿಕ್ಕನ್ನು ತಿಳಿದುಕೊಳ್ಳುತ್ತದೆ. ಆದರೆ ಮನೆ (ಹೊರಟ ಜಾಗ) ಎಲ್ಲಿ ಅನ್ನುವುದನ್ನು ಅದು ಗುರುತು ಹಾಕಿಕೊಳ್ಳುವುದು ನೀವು ಆರ್ಮ್ ಮಾಡಿದ, ಅಂದರೆ ಮೋಟಾರ್ ಚಾಲೂ ಮಾಡಿದ, ಗಳಿಗೆಯಲ್ಲಿ. ಫಿಕ್ಸ್ ಇಲ್ಲದೆ ಆರ್ಮ್ ಮಾಡಲು ಬಿಡುವ ಸೆಟ್ಟಿಂಗ್ ಇದೆ. ದಯವಿಟ್ಟು ಅದನ್ನು ಆಫ್ ಆಗಿಯೇ ಇಡಿ. ಅವಸರದಲ್ಲಿ ಅದನ್ನು ಆನ್ ಮಾಡಿ ಹಾರಿಸಿದವರೊಬ್ಬರ ಕ್ವಾಡನ್ನು ಹುಡುಕಲು ನಾನೂ ಹೋಗಿದ್ದೆ. ಎರಡು ದಿನ ಪೊದೆ ಪೊದೆ ಜಾಲಾಡಿದೆವು, ಸಿಗಲಿಲ್ಲ. ಮನೆಯ ಗುರುತೇ ಇಲ್ಲದ ಕ್ವಾಡ್ ಎಲ್ಲಿಗೆ ಬರಬೇಕು?

ರೆಸ್ಕ್ಯೂವನ್ನು ಒಂದು ಸ್ವಿಚ್‌ಗೆ ಹಾಕಿಕೊಂಡು ಬಯಲಲ್ಲಿ, ನೂರು ಮೀಟರ್ ಆಚೆ, ಸಾಕಷ್ಟು ಎತ್ತರದಲ್ಲಿ ಪರೀಕ್ಷೆ ಮಾಡಿ. ಬೆರಳು ಆ ಸ್ವಿಚ್ ಮೇಲೇ ಇರಲಿ. ತಪ್ಪು ದಿಕ್ಕಿಗೆ ಹೋದರೆ ತಕ್ಷಣ ಆಫ್ ಮಾಡಿ ಕೈಯಿಂದ ಹಾರಿಸಿ ತನ್ನಿ.

ಪ್ರಶ್ನೆ: ಸೆಂಟಿಮೀಟರ್ ನಿಖರತೆ ಕೊಡುವ ಎಫ್9ಪಿ ಮಾಡ್ಯೂಲ್ ಹವ್ಯಾಸದ ಡ್ರೋನ್‌ಗೆ ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ಮಾಡ್ಯೂಲ್ ಒಂದರಿಂದಲೇ ಸೆಂಟಿಮೀಟರ್ ಬರುವುದಿಲ್ಲ. ನೆಲದ ಮೇಲೆ, ಜಾಗ ಗೊತ್ತಿರುವ ಒಂದು ಕಡೆ, ಇನ್ನೊಂದು ರಿಸೀವರ್ ಇರಬೇಕು. ಅದು ಕಂಡ ತಪ್ಪನ್ನು ಹಾರುತ್ತಿರುವ ಡ್ರೋನ್‌ಗೆ ಎಡೆಬಿಡದೆ ಕಳಿಸುತ್ತಿರಬೇಕು. ಇಲ್ಲವೇ ಅಂಥ ತಿದ್ದುಪಡಿ ಕೊಡುವ ಸೇವೆಯನ್ನು ಇಂಟರ್ನೆಟ್ ಮೂಲಕ ಪಡೆಯಬೇಕು. ಆಂಟೆನಾವೂ ದೊಡ್ಡದು, ಎರಡು ತರಂಗಾಂತರಕ್ಕೆ ಹೊಂದುವಂಥದ್ದು. ಜಮೀನಿನ ಅಳತೆ, ನಕ್ಷೆ ಕೆಲಸ ಕಲಿಯುವ ಆಸೆ ಇದ್ದರೆ ಧಾರಾಳವಾಗಿ ಹಾಕಿ, ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗಾಳಿಯಲ್ಲಿ ನಿಲ್ಲಬೇಕು, ಫೋಟೋ ತೆಗೆಯಬೇಕು, ಕ್ಷೇಮವಾಗಿ ವಾಪಸ್ ಬರಬೇಕು ಅಷ್ಟೇ ಅಂದರೆ ಎಂ10 ಸಾಕು.

ಇದೇ ನೆಪದಲ್ಲಿ ಇನ್ನೊಂದು ವಿಷಯ. ಮಾಡ್ಯೂಲ್ ವಿವರಗಳಲ್ಲಿ 2.5 ಮೀಟರ್ ನಿಖರತೆ, ಸಿಇಪಿ ಅಂತ ಬರೆದಿರುತ್ತಾರೆ. ಯಾವಾಗಲೂ ಎರಡೂವರೆ ಮೀಟರ್ ಒಳಗೇ ಇರುತ್ತದೆ ಅಂತ ಅದರ ಅರ್ಥ ಅಲ್ಲ. ಆ ಅಳತೆಯ ವೃತ್ತದೊಳಗೆ ಅರ್ಧದಷ್ಟು ಸಲ ಇರುತ್ತದೆ, ಉಳಿದ ಅರ್ಧ ಸಲ ಹೊರಗಿರುತ್ತದೆ. ಡ್ರೋನ್ ವಾಪಸ್ ಬಂದು ಇಳಿಯುವ ಕಡೆ ಮರ, ಬೇಲಿ ಇದ್ದರೆ ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಹೊಸ ಜಿಪಿಎಸ್ ಹಾಕಿದ ಮೇಲೂ ನೆಲದ ಮೇಲಿಟ್ಟ ಡ್ರೋನ್‌ನ ಜಿಪಿಎಸ್ ಎತ್ತರ ಹತ್ತು ಮೀಟರ್ ಮೇಲೆ ಕೆಳಗೆ ಆಡುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಎಲ್ಲೂ ತಪ್ಪಿಲ್ಲ. ಉಪಗ್ರಹಗಳು ನಿಮ್ಮ ಸುತ್ತ ನಾಲ್ಕೂ ಕಡೆ ಇವೆ, ಹಾಗಾಗಿ ಅಡ್ಡಡ್ಡ ಲೆಕ್ಕ ಬಿಗಿಯಾಗಿ ಬರುತ್ತದೆ. ಎತ್ತರಕ್ಕೆ ಹಾಗಲ್ಲ, ಎಲ್ಲವೂ ತಲೆಯ ಮೇಲೇ ಇವೆ, ಕಾಲ ಕೆಳಗೆ ಒಂದೂ ಇಲ್ಲ. ಅದಕ್ಕೇ ಎತ್ತರದ ಲೆಕ್ಕ ಯಾವಾಗಲೂ ಸಡಿಲ. ಫ್ಲೈಟ್ ಕಂಟ್ರೋಲರ್ ಎತ್ತರಕ್ಕೆ ಮುಖ್ಯವಾಗಿ ನಂಬುವುದು ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರನ್ನು. ನಿಮ್ಮ ಬೋರ್ಡ್‌ನಲ್ಲಿ ಅದು ಇದೆಯಾ ನೋಡಿ. ಇದ್ದರೆ ಅದರ ಮೇಲೆ ಗಾಳಿ ಆಡುವಂಥ ಮೆತ್ತನೆ ಸ್ಪಂಜಿನ ಸಣ್ಣ ತುಂಡು ಇಡಿ, ಒತ್ತಿ ಅಂಟಿಸಬೇಡಿ. ಪ್ರೊಪೆಲ್ಲರ್ ಗಾಳಿ ಮತ್ತು ಬಿಸಿಲು ನೇರವಾಗಿ ಬಿದ್ದರೆ ಅದೂ ದಾರಿ ತಪ್ಪುತ್ತದೆ.